0.2 ಮೈಕ್ರೋಗ್ರಾಂ ಕ್ಲೋರೊಪ್ರೀನ್: ಅಂಕಿ ಯಾರದು, ಅಂಜಿಕೆ ಯಾರಿಗೆ?

ಹೊಸಬ್ಯಾಚ್

ಕ್ಲೋರೊಪ್ರೀನ್ ಅನ್ನುವ ರಾಸಾಯನಿಕದಿಂದ ಆಗುವ ನಿಯೋಪ್ರೀನ್ ರಬ್ಬರಿಗೆ ಪುಡಿ, ಎಣ್ಣೆ ಬೆರೆಸಿ ಕಾಂಪೌಂಡ್ ಮಾಡುವವರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಪೋಸ್ಟರ್ ಸುತ್ತುತ್ತಿದೆ. ‘ಗಾಳಿಯಲ್ಲಿ ಕ್ಲೋರೊಪ್ರೀನ್ ಘನ ಮೀಟರ್‌ಗೆ 0.2 ಮೈಕ್ರೋಗ್ರಾಂ ದಾಟಿದರೆ ಕ್ಯಾನ್ಸರ್’ ಅಂತ ಕೆಂಪಕ್ಷರದಲ್ಲಿ. ಅಂಕಿ ಅಮೆರಿಕದ್ದು. ಅದೇ ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ ಓಶಾ ಕೆಲಸದ ಜಾಗಕ್ಕೆ ಇಟ್ಟಿರುವ ಮಿತಿ 25 ಪಿಪಿಎಂ. 1 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಒಂದು ಭಾಗ) ಅಂದರೆ ಘನ ಮೀಟರ್‌ಗೆ ಸುಮಾರು 3,620 ಮೈಕ್ರೋಗ್ರಾಂ. 25 ಪಿಪಿಎಂ 90,000 ದಾಟುತ್ತದೆ. ಒಂದೇ ದೇಶದ ಎರಡು ಅಂಕಿಗಳ ನಡುವೆ ನಾಲ್ಕೂವರೆ ಲಕ್ಷ ಪಟ್ಟು ಅಂತರ! ಯಾವುದನ್ನು ನಂಬೋದು? ನಿಯೋಪ್ರೀನಿನ ಒಣ ತುಂಡು (ಚಿಪ್ಸ್) ತಂದು, ಎರಡು ಉರುಳೆಯ ಮಿಲ್‌ನಲ್ಲಿ ಕಲಸಿ, ಗ್ಯಾಸ್ಕೆಟ್ಟೋ ಬ್ರಿಡ್ಜ್ ಬೇರಿಂಗೋ ಒತ್ತುವ ಶೆಡ್‌ಗೆ ಇದು ಎಷ್ಟರ ಮಟ್ಟಿಗೆ ಲಾಗೂ? ಬಲ್ಲವರು ಬಿಡಿಸಿ ಹೇಳಿ.

ಡೋಸ್‌ಲೆಕ್ಕ

ಮೊದಲು ಪೋಸ್ಟರ್ ತಿದ್ದೋಣ. 0.2 ಅನ್ನುವುದು ದಾಟಿದೊಡನೆ ರೋಗ ಬರುವ ಗೆರೆ ಅಲ್ಲ. ಹುಟ್ಟಿದಂದಿನಿಂದ 70 ವರ್ಷ, ಹಗಲೂ ರಾತ್ರಿ ಅದೇ ಗಾಳಿ ಕುಡಿದರೆ 10,000 ಜನರಲ್ಲಿ ಹೆಚ್ಚೆಂದರೆ ಒಬ್ಬರಿಗೆ ಹೆಚ್ಚುವರಿ ಕ್ಯಾನ್ಸರ್ ಬಂದೀತು ಅನ್ನುವ ಮಟ್ಟ ಅದು. ‘ಹೆಚ್ಚೆಂದರೆ’ ಅನ್ನೋದನ್ನ ಮರೆಯಬೇಡಿ. ಅದು ಅಂದಾಜಿನ ಮೇಲಂಚು, ನಡು ಅಲ್ಲ.

ಅಂಕಿ ಹುಟ್ಟಿದ್ದು ಅಮೆರಿಕದ ಪರಿಸರ ಸಂಸ್ಥೆ ಇಪಿಎ 2010ರಲ್ಲಿ ಮಾಡಿದ ಮೌಲ್ಯಮಾಪನದಲ್ಲಿ. ಅದಕ್ಕೆ ಮುಂಚೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಐಎಆರ್‌ಸಿ 1999ರಲ್ಲಿ ಕ್ಲೋರೊಪ್ರೀನನ್ನು 2ಬಿ ಗುಂಪಿಗೆ ಹಾಕಿತ್ತು. ಅಂದರೆ ‘ಮನುಷ್ಯರಲ್ಲಿ ಕ್ಯಾನ್ಸರ್ ತರುವ ಸಾಧ್ಯತೆ ಇದೆ’. ಆ ಗುಂಪು ಸಾಕ್ಷ್ಯ ಎಷ್ಟು ಗಟ್ಟಿ ಅಂತ ಹೇಳುತ್ತದೆಯೇ ಹೊರತು ವಿಷ ಎಷ್ಟು ಖಾರ ಅಂತ ಹೇಳುವುದಿಲ್ಲ. ಖಾರ ಅಳೆಯುವ ಕೆಲಸ ಇಪಿಎ ಮಾಡಿತು. ಕಾಗದ ಪೆನ್ಸಿಲ್ ಹಿಡಿದು ನೀವೇ ಮಾಡಿ ನೋಡಬಹುದು.

ಆಧಾರ, ಅಮೆರಿಕದ ರಾಷ್ಟ್ರೀಯ ವಿಷಶಾಸ್ತ್ರ ಕಾರ್ಯಕ್ರಮ 1998ರಲ್ಲಿ ಪ್ರಕಟಿಸಿದ ಪ್ರಯೋಗ. ಸುಂಡಿಲಿಗಳಿಗೂ ದೊಡ್ಡ ಇಲಿಗಳಿಗೂ 12.8, 32 ಮತ್ತು 80 ಪಿಪಿಎಂ ಕ್ಲೋರೊಪ್ರೀನ್ ಆವಿ, ದಿನಕ್ಕೆ 6 ಗಂಟೆ, ವಾರಕ್ಕೆ 5 ದಿನ, 2 ವರ್ಷ. ಹೆಣ್ಣು ಸುಂಡಿಲಿಗಳ ಶ್ವಾಸಕೋಶದ ಗಡ್ಡೆ ಮಾತ್ರ ತೆಗೆದುಕೊಳ್ಳಿ. ಆವಿ ಕೊಡದ ಗುಂಪಿನಲ್ಲಿ 50ಕ್ಕೆ 4. ಅತಿ ಕಡಿಮೆ ಕೊಟ್ಟ ಗುಂಪಿನಲ್ಲೇ 49ಕ್ಕೆ 28.

12.8 ಪಿಪಿಎಂ ಅಂದರೆ ಸುಮಾರು 46 ಮಿಲಿಗ್ರಾಂ. ಅದನ್ನು ಇಡೀ ವಾರಕ್ಕೆ ಹರಡಿದರೆ, 24ಕ್ಕೆ 6, 7ಕ್ಕೆ 5, ಸುಮಾರು 8,300 ಮೈಕ್ರೋಗ್ರಾಂ. ಆವಿ ಇಲ್ಲದೆಯೂ ಬರುತ್ತಿದ್ದ ಗಡ್ಡೆ ಕಳೆದರೆ ಹೆಚ್ಚುವರಿ ಅಪಾಯ 0.53. ಭಾಗಿಸಿ: ಮೈಕ್ರೋಗ್ರಾಂಗೆ ಲಕ್ಷಕ್ಕೆ 6 ಚಿಲ್ಲರೆ. ಇಪಿಎ ಹಿಡಿದದ್ದು 10,000ಕ್ಕೆ 3, ಅಂದರೆ ನಮ್ಮ ಒರಟು ಲೆಕ್ಕಕ್ಕಿಂತ ಸುಮಾರು ಐದು ಪಟ್ಟು. ಕಾರಣ ಮೂರು. ಅವರು ಶ್ವಾಸಕೋಶ ಒಂದನ್ನೇ ಅಲ್ಲ, ರಕ್ತನಾಳ, ಸ್ತನ, ಯಕೃತ್ತು, ಮುಂಜಠರ ಎಲ್ಲ ಕಡೆಯ ಗಡ್ಡೆಗಳನ್ನೂ ಕೂಡಿಸಿದರು. ಇಲಿ ಬೇಗ ಸತ್ತಿದ್ದರೆ ಬರಬಹುದಾಗಿದ್ದ ಗಡ್ಡೆಗೂ ಲೆಕ್ಕ ಕಟ್ಟಿದರು. ಕೊನೆಗೆ ಮೇಲಂಚು ಹಿಡಿದರು.

ಆಮೇಲೆ ಮಕ್ಕಳ ಪಾಲು. ಕ್ಲೋರೊಪ್ರೀನ್ ಡಿಎನ್ಎಯನ್ನೇ ಕೆಡಿಸುತ್ತದೆ ಅಂತ ತೀರ್ಮಾನಿಸಿದ್ದರಿಂದ ಮೊದಲ 2 ವರ್ಷಕ್ಕೆ 10 ಪಟ್ಟು, 2ರಿಂದ 16ರವರೆಗೆ 3 ಪಟ್ಟು, ಆಮೇಲೆ 1. ಲೆಕ್ಕ: 20, 42, 54 ಕೂಡಿಸಿ 70ರಿಂದ ಭಾಗಿಸಿದರೆ 1.66. ಮೂರನ್ನು ಅದರಿಂದ ಗುಣಿಸಿದರೆ ಐದು. 10,000ಕ್ಕೆ 5. ಈಗ 10,000ಕ್ಕೆ 1 ಅಪಾಯ ಕೊಡುವ ಗಾಳಿ ಎಷ್ಟು? 0.2 ಮೈಕ್ರೋಗ್ರಾಂ. ಇಷ್ಟೇ ಕಥೆ.

ಓಶಾದ 25 ಪಿಪಿಎಂ ಹಳೆಯ ಕಾಲದ್ದು, ಕ್ಯಾನ್ಸರ್ ಲೆಕ್ಕ ಅದರಲ್ಲಿ ಇಲ್ಲವೇ ಇಲ್ಲ. ಅದನ್ನು ಹಿಡಿದುಕೊಂಡು ‘ನಾವು ಸೇಫ್’ ಅನ್ನುವವರು ಅಮೆರಿಕದ್ದೇ ನಿಯೋಶ್ ಸಂಸ್ಥೆಯ ಸಲಹೆ ನೋಡಲಿ: 15 ನಿಮಿಷಕ್ಕೆ 1 ಪಿಪಿಎಂ, ಅದರಾಚೆ ಬೇಡ.

ಗಾಳಿಬುಟ್ಟಿ

ಲೆಕ್ಕ ಚೊಕ್ಕವಾಗಿದೆ ಸರ್. ಈ ಅಂಕಿ ಕಡತದಿಂದ ಬೀದಿಗೆ ಬಂದ ಜಾಗದ ಹೆಸರೂ ಇಲ್ಲಿ ಬರಲಿ: ಲೂಸಿಯಾನಾ ರಾಜ್ಯದ ಸೇಂಟ್ ಜಾನ್ ದ ಬ್ಯಾಪ್ಟಿಸ್ಟ್ ಪ್ಯಾರಿಷ್, ಲಾಪ್ಲಾಸ್ ಊರು. ಡ್ಯೂಪಾಂಟ್‌ನ ಲೂಯಿವಿಲ್ ಕಾರ್ಖಾನೆ 2008ರಲ್ಲಿ ಮುಚ್ಚಿದ ಮೇಲೆ ಅಮೆರಿಕದಲ್ಲಿ ನಿಯೋಪ್ರೀನ್ ಆಗುತ್ತಿದ್ದ ಒಂದೇ ಜಾಗ ಅದು. 2015ರ ನವೆಂಬರ್‌ನಲ್ಲಿ ಜಪಾನಿನ ಡೆಂಕಾ ಅದನ್ನು ಕೊಂಡಿತು. ಮರು ತಿಂಗಳೇ ಇಪಿಎಯ ರಾಷ್ಟ್ರಮಟ್ಟದ ವಾಯುವಿಷ ನಕ್ಷೆ ಹೊರಬಂತು. 2010ರ ಅಂಕಿ ಮೊದಲ ಬಾರಿಗೆ ಅದರಲ್ಲಿ ಸೇರಿತ್ತು, ಕಾರ್ಖಾನೆ ಪಕ್ಕದ ಬಡಾವಣೆಯೇ ಇಡೀ ದೇಶದಲ್ಲಿ ಗಾಳಿಯಿಂದ ಬರುವ ಕ್ಯಾನ್ಸರ್ ಅಪಾಯದಲ್ಲಿ ಮೊದಲು ನಿಂತಿತು. ಗಾಳಿ ರಾತ್ರೋರಾತ್ರಿ ಕೆಟ್ಟದ್ದಲ್ಲ. ದಶಕಗಳಿಂದ ಹಾಗೇ ಇತ್ತು, ಅಳೆಯುವ ಸೇರು ಬದಲಾಯಿತು.

2016ರ ಮೇಯಿಂದ ಇಪಿಎ ಅಲ್ಲಿ ಆರು ಕಡೆ ಗಾಳಿ ಹಿಡಿಯತೊಡಗಿತು. ಒಂದು ಕಡೆ ಫಿಫ್ತ್ ವಾರ್ಡ್ ಪ್ರಾಥಮಿಕ ಶಾಲೆ. ವಿಧಾನ ಹೀಗೆ: ಒಳಮೈ ನಯ ಮಾಡಿದ 6 ಲೀಟರಿನ ಸ್ಟೀಲ್ ಡಬ್ಬಿ, ಒಳಗಿನ ಗಾಳಿಯನ್ನೆಲ್ಲ ಹೀರಿ ತೆಗೆದಿರುತ್ತಾರೆ. ಬಾಯಿಗೆ ಹರಿವು ಕಟ್ಟುವ ಸಣ್ಣ ವಾಲ್ವ್. 24 ಗಂಟೆಯಲ್ಲಿ ಮೆಲ್ಲಗೆ ಗಾಳಿ ತಾನೇ ಒಳಸೇರುತ್ತದೆ. ಪಂಪೂ ಬೇಡ, ಕರೆಂಟೂ ಬೇಡ. ಆಮೇಲೆ ಪ್ರಯೋಗಾಲಯದಲ್ಲಿ ಗ್ಯಾಸ್ ಕ್ರೊಮಟೋಗ್ರಾಫ್ ಮತ್ತು ಮಾಸ್ ಸ್ಪೆಕ್ಟ್ರೋಮೀಟರ್.

ಎಡವಟ್ಟು ಎಲ್ಲಿ ಅಂದರೆ, ವಾಲ್ವ್ ಸರಿಯಿಲ್ಲದಿದ್ದರೆ ಡಬ್ಬಿ ಮೊದಲ ಆರೇಳು ಗಂಟೆಯಲ್ಲೇ ತುಂಬಿಬಿಡುತ್ತದೆ, ಉಳಿದ ರಾತ್ರಿ ಲೆಕ್ಕಕ್ಕೇ ಬರುವುದಿಲ್ಲ. ಅದಕ್ಕೇ ಡಬ್ಬಿ ಬಿಚ್ಚುವಾಗ ಒಳಗೆ ಸ್ವಲ್ಪ ನಿರ್ವಾತ ಉಳಿದಿದೆಯಾ ಅಂತ ಗೇಜ್ ನೋಡಬೇಕು. ಸೊನ್ನೆ ತೋರಿಸಿದರೆ ಆ ಮಾದರಿ ಎಸೆಯಿರಿ. ಇನ್ನೊಂದು, ಒಂದು ದಿನದ ಅಂಕಿ ಹಿಡಿದು ಕೂಗಬಾರದು. ಗಾಳಿ ಆಚೆ ತಿರುಗಿದ ದಿನ ಏನೂ ಸಿಗುವುದಿಲ್ಲ, ಕಾರ್ಖಾನೆ ಕಡೆಯಿಂದ ಬೀಸಿದ ದಿನ ಅದೇ ಡಬ್ಬಿಯಲ್ಲಿ ಹತ್ತಾರು ಮೈಕ್ರೋಗ್ರಾಂ. 0.2ನ್ನು ಹೋಲಿಸಬೇಕಾದ್ದು ವರ್ಷಗಳ ಸರಾಸರಿಗೆ. ಲಾಪ್ಲಾಸಿನ ಕಷ್ಟ ಏನೆಂದರೆ ಆ ಸರಾಸರಿಯೇ 0.2ರ ಹಲವು ಪಟ್ಟು ಇತ್ತು.

ಅಂದಹಾಗೆ ಲೂಸಿಯಾನಾ ರಾಜ್ಯದ್ದೇ ಒಂದು ಮಿತಿ ಇದೆ, 8 ಗಂಟೆಗೆ 857 ಮೈಕ್ರೋಗ್ರಾಂ. 0.2ರ 4,285 ಪಟ್ಟು. ರಾಜ್ಯದ ಕಾಗದದಲ್ಲಿ ಎಲ್ಲ ಸರಿ, ಕೇಂದ್ರದ ಕಾಗದದಲ್ಲಿ ಅನಾಹುತ.

ಕಡಲತಡಿ_ಪಾಲಿಮರ್

ಒಂದು ವಿಷಯ ಬಿಟ್ಟುಹೋಗ್ತಾ ಉಂಟು ಮಾರಾಯ್ರೆ. ಇದು ಎಲ್ಲಿಂದ ಸೋರ್ತದೆ ಅಂತ ಗೊತ್ತಿಲ್ಲದೆ ಶೆಡ್‌ಗೆ ಲಾಗೂ ಆಗ್ತದಾ ಇಲ್ಲವಾ ಅಂತ ಹೇಳುವುದು ಹೇಗೆ?

ಬ್ಯುಟಾಡೀನ್‌ಗೆ ಕ್ಲೋರಿನ್ ಸೇರಿಸಿ ಡೈಕ್ಲೋರೊಬ್ಯುಟೀನ್ ಮಾಡ್ತಾರೆ, ಕಾಸ್ಟಿಕ್ ಸೋಡ ಹಾಕಿ ಅದರಿಂದ ಒಂದು ಹೈಡ್ರೋಜನ್ ಕ್ಲೋರೈಡ್ ಕಿತ್ತರೆ ಕ್ಲೋರೊಪ್ರೀನ್. ಕುದಿಯುವುದು 59 ಡಿಗ್ರಿಗೆ. ನಮ್ಮ ಊರಿನ ಬೇಸಿಗೆಯಲ್ಲಿ ಬಿಸಿಲಿಗೆ ಇಟ್ಟ ಡ್ರಮ್ ಅಷ್ಟೇ ಸಾಕು. ಆವಿ ಗಾಳಿಗಿಂತ ಮೂರು ಪಟ್ಟು ಭಾರ, ನೆಲ ಹಿಡಿದು ಹರಿದು ಚರಂಡಿಯಲ್ಲಿ ಕೂತ್ಕೊಳ್ತದೆ. ಸುಮ್ಮನೆ ಬಿಟ್ಟರೆ ಆಮ್ಲಜನಕ ಹಿಡಿದು ಪೆರಾಕ್ಸೈಡ್ ಕಟ್ಟಿಕೊಂಡು ತನ್ನಷ್ಟಕ್ಕೇ ಪಾಲಿಮರ್ ಆಗ್ತದೆ, ಬಿಸಿ ಏರ್ತದೆ, ಟ್ಯಾಂಕ್ ಒಡೀತದೆ. ಅದಕ್ಕೇ ಫಿನೋಥಯಾಜಿನ್ ಹಾಕಿ, ತಂಪಾಗಿ, ನೈಟ್ರೋಜನ್ ಹೊದಿಸಿ ಇಡ್ತಾರೆ.

ಆಮೇಲೆ ರೋಸಿನ್ ಸೋಪಿನ ನೀರಲ್ಲಿ ಕಲಕಿ, ಪೊಟ್ಯಾಸಿಯಂ ಪರ್‌ಸಲ್ಫೇಟ್ ಹಾಕಿ, ಸುಮಾರು 40 ಡಿಗ್ರಿಯಲ್ಲಿ ಪಾಲಿಮರ್ ಮಾಡುವುದು. ಹಲವು ಗ್ರೇಡ್‌ಗಳಲ್ಲಿ ಕ್ರಿಯೆಯನ್ನು 70 ಶೇಕಡದ ಆಸುಪಾಸಿನಲ್ಲೇ ನಿಲ್ಲಿಸ್ತಾರೆ. ಮುಂದೆ ಹೋದರೆ ಸರಪಳಿಗಳು ಕವಲೊಡೆದು ಜೆಲ್ ಕಟ್ಟಿ ರಬ್ಬರ್ ಮಿಲ್‌ಗೆ ಬಗ್ಗುವುದಿಲ್ಲ. ಅಂದರೆ ಕ್ರಿಯೆ ನಡೆಯುವ ಕೆಟಲ್‌ನಲ್ಲಿ ಇನ್ನೂ ಸಾಕಷ್ಟು ಹಸಿ ಕ್ಲೋರೊಪ್ರೀನ್ ಉಳೀತದೆ! ಅದನ್ನು ಕಡಿಮೆ ಒತ್ತಡದಲ್ಲಿ ಹಬೆ ಬಿಟ್ಟು ಎತ್ತಬೇಕು. ಎತ್ತಿದ ಮೇಲೂ ಸ್ವಲ್ಪ ಲ್ಯಾಟೆಕ್ಸ್‌ನಲ್ಲಿ ಕೂತಿರ್ತದೆ.

ಆಮೇಲೆ ಬರುವುದೇ ಫ್ರೀಜ್ ರೋಲ್. ಅಸಿಟಿಕ್ ಆಮ್ಲ ಹಾಕಿ ಸೋಪಿನ ಬಲ ಮುರಿದ ಲ್ಯಾಟೆಕ್ಸ್ ತೊಟ್ಟಿಯಲ್ಲಿ, ಸೊನ್ನೆಗಿಂತ ಹತ್ತು ಹದಿನೈದು ಡಿಗ್ರಿ ಕೆಳಗೆ ತಣಿಸಿದ ದೊಡ್ಡ ಉಕ್ಕಿನ ಉರುಳೆ ಅದರಲ್ಲಿ ಅರ್ಧ ಮುಳುಗಿ ತಿರುಗ್ತದೆ. ಮೈಮೇಲೆ ತೆಳುವಾಗಿ ಹೆಪ್ಪುಗಟ್ಟಿದ ಪದರವನ್ನು ಚಾಕು ಕೆರೆದು ಎಬ್ಬಿಸ್ತದೆ, ಅದು ಬೆಲ್ಟಿನ ಮೇಲೆ ಹಪ್ಪಳದ ಹಾಗೆ ಹೋಗಿ, ನೀರಲ್ಲಿ ತೊಳೆದು, ಬಿಸಿಗಾಳಿ ಗೂಡಿಗೆ ಹೋಗ್ತದೆ. ಸೋರಿಕೆ ಇಲ್ಲೇ ಕಷ್ಟ. ಕೆಟಲ್ ಹೊಗೆಯನ್ನು ಪೈಪಿಗೆ ಕಟ್ಟಬಹುದು. ಇಷ್ಟುದ್ದ ತೊಳೆಯುವ ಬೆಲ್ಟನ್ನೂ ಡ್ರೈಯರನ್ನೂ ಪೈಪಿಗೆ ಕಟ್ಟಲು ಬಹಳ ಗಾಳಿ ಎಳೆಯಬೇಕು, ಆ ಗಾಳಿಯಲ್ಲಿ ಕ್ಲೋರೊಪ್ರೀನ್ ಮಾತ್ರ ತೀರಾ ತೆಳು.

ಲಾಪ್ಲಾಸಿನಲ್ಲಿ 2017ರಲ್ಲಿ ರಾಜ್ಯದ ಜೊತೆ ಮಾಡಿಕೊಂಡ ಒಪ್ಪಂದ ಪ್ರಕಾರ, 2014ರ ಮಟ್ಟದಿಂದ 85 ಶೇಕಡ ಇಳಿಸಬೇಕಿತ್ತು. ಉಪ್ಪುನೀರಿನ ಕಂಡೆನ್ಸರ್ ಹಾಕಿದರು, ಸುಡುವ ಘಟಕ ಹಾಕಿದರು. ಸಿರಾಮಿಕ್ ತುಂಬಿದ ಗೂಡುಗಳಲ್ಲಿ 800 ಡಿಗ್ರಿ ಮೇಲೆ ಆವಿ ಸುಟ್ಟು ಅದೇ ಬಿಸಿಯನ್ನು ಮತ್ತೆ ಬಳಸುವಂಥದ್ದು. ಕ್ಲೋರಿನ್ ಇರುವ ಆವಿ ಸುಟ್ಟರೆ ಹೈಡ್ರೋಕ್ಲೋರಿಕ್ ಆಮ್ಲ ಬರ್ತದೆ, ಹಿಂದೆ ಕಾಸ್ಟಿಕ್ ಸ್ಕ್ರಬ್ಬರ್ ಬೇಕೇ ಬೇಕು. ಆವಿ ತಣಿದು ಹನಿಯಾಗುವ ಜಾಗದಲ್ಲಿ ಸಾದಾ ಸ್ಟೇನ್‌ಲೆಸ್ ಹಾಕಿದರೆ ಜರಡಿಯಾಗ್ತದೆ. ಇಷ್ಟೆಲ್ಲ ಮಾಡಿಯೂ ಬೇಲಿಯ ಹೊರಗೆ ಗಾಳಿ 0.2ಕ್ಕೆ ಇಳಿಯಲಿಲ್ಲ.

ಚಿಪ್ಸ್ ನಿಮ್ಮ ಗೋಡೌನಿಗೆ ಬರುವಷ್ಟರಲ್ಲಿ ಈ ಹಬೆ, ತೊಳೆತ, ಒಣಗಿಸುವುದು ಎಲ್ಲ ಮುಗಿದಿರ್ತದೆ. ಒಣ ಚಿಪ್ಸ್‌ನಲ್ಲಿ ಉಳಿಯುವುದು ತೀರಾ ಅಲ್ಪ. ಲ್ಯಾಟೆಕ್ಸ್ ತಂದು ಗ್ಲೌಸ್ ಅದ್ದುವವರ ಲೆಕ್ಕ ಬೇರೆ, ಅವರು ಉಳಿಕೆ ಮಾನೊಮರ್ (ಪಾಲಿಮರ್ ಆಗದೆ ಉಳಿದ ಕ್ಲೋರೊಪ್ರೀನ್) ಅಂಕಿಯನ್ನು ಬ್ಯಾಚ್ ಸರ್ಟಿಫಿಕೇಟಿನಲ್ಲಿ ಬರೆಸಿಕೊಂಡೇ ಡ್ರಮ್ ಇಳಿಸಬೇಕು, ಮುಚ್ಚಳ ತೆಗೆಯುವಾಗ ಮುಖ ಮೇಲೆ ಬಗ್ಗಿಸಬಾರದು.

ಅಡ್ಡಪ್ರಶ್ನೆ

ಡೋಸ್‌ಲೆಕ್ಕ ಅವರೇ, ನಿಮ್ಮ 10,000ಕ್ಕೆ 3 ನಿಜವೇ ಆಗಿದ್ದರೆ ಕಾರ್ಮಿಕರು ಏನಾಗಬೇಕಿತ್ತು, ಅದನ್ನೂ ಗುಣಿಸಿ. ವಯಸ್ಕರು, ಹಾಗಾಗಿ ಮಕ್ಕಳ ಪಾಲು ಬೇಡ. ಪಾಳಿಯಲ್ಲಿ 10 ಘನ ಮೀಟರ್, ಇಡೀ ದಿನಕ್ಕೆ 20. ವರ್ಷಕ್ಕೆ 240 ದಿನ. 70ರಲ್ಲಿ 40 ವರ್ಷ. ಗುಣಾಂಕ 0.19. 1 ಪಿಪಿಎಂನಲ್ಲಿ 40 ವರ್ಷ ದುಡಿದವರಿಗೆ ಹೆಚ್ಚುವರಿ ಅಪಾಯ 0.2, ಅಂದರೆ ಐದಕ್ಕೆ ಒಬ್ಬರು!

ಈಗ ನಿಜದ ಲೆಕ್ಕ ನೋಡಿ. ಲೂಯಿವಿಲ್, ಲಾಪ್ಲಾಸ್, ಉತ್ತರ ಐರ್ಲೆಂಡಿನ ಮೇಡೌನ್, ಫ್ರಾನ್ಸಿನ ಗ್ರೆನೋಬಲ್, ಈ ನಾಲ್ಕು ಕಾರ್ಖಾನೆಗಳ 12,430 ಕಾರ್ಮಿಕರ ಅಧ್ಯಯನ 2007ರಲ್ಲಿ ಬಂತು. ಶ್ವಾಸಕೋಶ, ಯಕೃತ್ತು ಎರಡರಲ್ಲೂ ಸಾವು ಸಾಮಾನ್ಯ ಜನರಿಗಿಂತ ಹೆಚ್ಚಿರಲಿಲ್ಲ. ಸುಂಡಿಲಿಯ ಶ್ವಾಸಕೋಶದಲ್ಲಿ ಸಿವೈಪಿ2ಇ1 ಕಿಣ್ವ ಜೋರಾಗಿ ದುಡಿದು ಕ್ಲೋರೊಪ್ರೀನನ್ನು ಅಲ್ಲೇ ಡಿಎನ್ಎಗೆ ಅಂಟುವ ಎಪಾಕ್ಸೈಡ್ ಮಾಡುತ್ತದೆ, ಮನುಷ್ಯರ ಶ್ವಾಸಕೋಶದಲ್ಲಿ ಅದು ಅತ್ಯಲ್ಪ. ದೇಹದೊಳಗೆ ರಾಸಾಯನಿಕ ಎಲ್ಲಿ ಹೋಗುತ್ತದೆ, ಎಲ್ಲಿ ಒಡೆಯುತ್ತದೆ ಅನ್ನುವ ಗಣಿತ ಮಾದರಿ ಕಟ್ಟಿದರೆ ಇಪಿಎ ಅಂಕಿ ನೂರು ಪಟ್ಟಿಗೂ ಹೆಚ್ಚು ಉಬ್ಬಿದೆ ಅಂತ ಡೆಂಕಾ ವಾದಿಸಿತ್ತು. ಅದರಲ್ಲಿ ತಪ್ಪೇನು? ಕೇವಲ ಕಂಪನಿ ಹೇಳಿದೆ ಅಂತ ತಳ್ಳಿಹಾಕಬೇಡಿ.

ಡೋಸ್‌ಲೆಕ್ಕ

ತಳ್ಳಿಹಾಕುವುದಿಲ್ಲ, ಇಡೀ ಚರ್ಚೆಯಲ್ಲಿ ತೂಕದ ಪ್ರಶ್ನೆ ಇದೇ. ನಿಮ್ಮ ಗುಣಾಕಾರವೂ ಸರಿ. ಹಾಗಾಗಿಯೇ ಹೇಳುವುದು, ಈ ಇಳಿಜಾರನ್ನು, ಅಂದರೆ ಮೈಕ್ರೋಗ್ರಾಂಗೆ ಇಷ್ಟು ಅಪಾಯ ಅನ್ನುವ ದರವನ್ನು, ಕಡಿಮೆ ಮಟ್ಟಕ್ಕೆ ಕಟ್ಟಿದ್ದು, ಪಿಪಿಎಂ ಮಟ್ಟಕ್ಕೆ ಎಳೆಯಬಾರದು. ಡೋಸ್ ಏರಿದಂತೆ ಕಿಣ್ವ ದಣಿಯುತ್ತದೆ. ಸುಂಡಿಲಿಯಲ್ಲೇ ನೋಡಿ: 12.8ಕ್ಕೆ 28, 32ಕ್ಕೆ 34, 80ಕ್ಕೆ 42. ಡೋಸ್ ಆರು ಪಟ್ಟು ಏರಿತು, ಗಡ್ಡೆ ಒಂದೂವರೆ ಪಟ್ಟು ಮಾತ್ರ. ಆದರೆ ದಣಿವು ಒಂದರಿಂದಲೇ ನಿಮ್ಮ ಐದಕ್ಕೆ ಒಬ್ಬರು ಕರಗಿಹೋಗುತ್ತಾರೆ ಅಂತಲೂ ನಾನು ಹೇಳಲಾರೆ.

ಕಾರ್ಮಿಕರ ಅಧ್ಯಯನದಲ್ಲಿ ಮೂರು ತೂತು. ಹಣ ಕೊಟ್ಟದ್ದು ಸಿಂಥೆಟಿಕ್ ರಬ್ಬರ್ ಉತ್ಪಾದಕರ ಸಂಘ; ಅದರಿಂದಲೇ ಸುಳ್ಳಾಗುವುದಿಲ್ಲ, ಅದನ್ನು ಬದಿಗಿಡೋಣ. ಕಾರ್ಖಾನೆಗೆ ಸೇರುವವರೇ ಊರಿನ ಸರಾಸರಿಗಿಂತ ಗಟ್ಟಿಮುಟ್ಟು, ಆದ್ದರಿಂದ ಊರಿಗೆ ಹೋಲಿಸಿದರೆ ಅವರು ಯಾವಾಗಲೂ ಆರೋಗ್ಯವಂತರಾಗಿಯೇ ಕಾಣುತ್ತಾರೆ. ಕಾರ್ಖಾನೆಯ ಒಳಗೇ ಆವಿ ಕಡಿಮೆ ಉಸಿರಾಡಿದವರು, ಹೆಚ್ಚು ಉಸಿರಾಡಿದವರು ಅಂತ ಹೋಲಿಸಿದಾಗ ಲೂಯಿವಿಲ್‌ನಲ್ಲಿ ಯಕೃತ್ ಕ್ಯಾನ್ಸರ್ ಮೇಲಿನ ಗುಂಪುಗಳಲ್ಲಿ ಹೆಚ್ಚು ಕಂಡಿತು, ಆದರೆ ಸಾವಿನ ಸಂಖ್ಯೆ ಬೆರಳೆಣಿಕೆ, ಗಟ್ಟಿಯಾಗಿ ಏನೂ ಹೇಳಲಾಗದು. ಆರ್ಮೇನಿಯಾದ ಯೆರೆವಾನ್ ಕಾರ್ಖಾನೆ, ಮಾಸ್ಕೋದ ಶೂ ಕಾರ್ಖಾನೆ ಅಧ್ಯಯನಗಳೂ ಯಕೃತ್ತಿನ ಕಡೆಗೇ ಬೆರಳು ತೋರಿಸಿದವು. ಅಲ್ಲಿ ಕುಡಿತ, ಹೆಪಟೈಟಿಸ್ ಲೆಕ್ಕ ತೆಗೆದಿರಲಿಲ್ಲ ಅನ್ನುವ ಆಕ್ಷೇಪವೂ ನ್ಯಾಯವೇ.

ಇನ್ನು ಮಾದರಿ. ಅದರ ಹೃದಯ ಒಂದೇ ಅಂಕಿಯಲ್ಲಿದೆ: ಮನುಷ್ಯರ ಶ್ವಾಸಕೋಶ ಗಂಟೆಗೆ ಎಷ್ಟು ಕ್ಲೋರೊಪ್ರೀನ್ ಒಡೆಯುತ್ತದೆ? ಸೀಸೆಯಲ್ಲಿ ಶ್ವಾಸಕೋಶದ ಮೈಕ್ರೊಸೋಮ್ (ಕಿಣ್ವ ಇರುವ ಜೀವಕೋಶದ ಚೂರು) ಇಟ್ಟು ಅಳೆದಾಗ ಅದು ಶೂನ್ಯದಿಂದ ಬೇರ್ಪಡಿಸಲಾಗದಷ್ಟು ಕಡಿಮೆ. ಹಾಗಾಗಿ ಬೇರೊಂದು ರಾಸಾಯನಿಕವನ್ನು ಯಕೃತ್ತು ಎಷ್ಟು, ಶ್ವಾಸಕೋಶ ಎಷ್ಟು ಒಡೆಯುತ್ತದೆ ಅನ್ನುವ ಹಳೆಯ ಅನುಪಾತವನ್ನು ಎರವಲು ತಂದು ಕ್ಲೋರೊಪ್ರೀನ್‌ಗೆ ಹೊಂದಿಸಿದರು. ಜೊತೆಗೆ ಸೀಸೆಯಲ್ಲಿ ಗಾಳಿಯಿಂದ ದ್ರವಕ್ಕೆ ಆವಿ ಇಳಿಯುವ ವೇಗ. ಕಲಕುವುದು ಸಾಲದಿದ್ದರೆ ನೀವು ಅಳೆಯುವುದು ಕಿಣ್ವದ ವೇಗವನ್ನಲ್ಲ, ಆವಿ ಕರಗುವ ವೇಗವನ್ನು. ಆ ಅಂಕಿ ಸ್ವಲ್ಪ ಜರುಗಿದರೂ ಫಲಿತಾಂಶ ಹಲವು ಪಟ್ಟು ಜರುಗುತ್ತದೆ. ಇನ್ನೊಂದು ಮಾತು, ಮಾದರಿ ಶ್ವಾಸಕೋಶಕ್ಕೆ ಕಟ್ಟಿದ್ದು. ಕಾರ್ಮಿಕರಲ್ಲಿ ಸಂಶಯ ಬಂದದ್ದು ಯಕೃತ್ತಿನ ಮೇಲೆ, ಮನುಷ್ಯರ ಯಕೃತ್ತಿನಲ್ಲಿ ಆ ಕಿಣ್ವ ಧಾರಾಳ. ಇಪಿಎ ಮಾದರಿಯನ್ನು ಹೊರಗಿನ ತಜ್ಞರಿಂದ ಓದಿಸಿ, 2022ರ ಮಾರ್ಚ್‌ನಲ್ಲಿ ಅಂಕಿ ಬದಲಿಸುವುದಿಲ್ಲ ಅಂದಿತು.

ನನ್ನ ತೂಕ ಕೇಳಿದರೆ: 0.2 ಬಹುಶಃ ಎಚ್ಚರಿಕೆಯ ಕಡೆಗೆ ವಾಲಿದೆ, 857 ಅಂತೂ ಖಂಡಿತ ಎಚ್ಚರಗೇಡಿನ ಕಡೆಗೆ. ಶಾಲೆ ಪಕ್ಕದಲ್ಲಿದ್ದಾಗ ಯಾವ ಕಡೆ ತಪ್ಪಬೇಕು ಅನ್ನುವುದು ಗಣಿತದ ಪ್ರಶ್ನೆ ಅಲ್ಲ.

ಪ್ರಾಣಿಪ್ರಯೋಗ ಅಂದರೆ ಅಂತಿಮ ಅನ್ನುವವರಿಗೂ ಒಂದು: ವಿಸ್ಟಾರ್ ಇಲಿ, ಹ್ಯಾಮ್‌ಸ್ಟರ್‌ಗಳಿಗೆ 10 ಮತ್ತು 50 ಪಿಪಿಎಂ ಕೊಟ್ಟ ಇನ್ನೊಂದು ಪ್ರಯೋಗದಲ್ಲಿ ಗಡ್ಡೆ ಹೆಚ್ಚೇನೂ ಬರಲಿಲ್ಲ. ಆದರೆ ಅದರಲ್ಲಿ ಕಡಿಮೆ ಡೋಸಿನ ಇಲಿಗಳ ಕೋಣೆಯ ಗಾಳಿವ್ಯವಸ್ಥೆ ಕೈಕೊಟ್ಟು ಹಿಂಡುಗಟ್ಟಲೆ ಉಸಿರುಕಟ್ಟಿ ಸತ್ತಿದ್ದವು. ಅಂಥ ಪ್ರಯೋಗದಿಂದ ‘ಏನೂ ಆಗಲಿಲ್ಲ’ ಅಂತ ಹೇಳುವುದಕ್ಕೂ ಬಾಯಿ ಬರಬಾರದು.

ಗಾಳಿಬುಟ್ಟಿ

ಮುಂದೇನಾಯಿತು ಅಂತ ಎರಡೇ ಸಾಲು. 2023ರ ಫೆಬ್ರುವರಿಯಲ್ಲಿ ಅಮೆರಿಕ ಸರ್ಕಾರ ಡೆಂಕಾ ಮೇಲೆ ತುರ್ತು ಅಪಾಯದ ಮೊಕದ್ದಮೆ ಹೂಡಿತು. 2024ರಲ್ಲಿ ಬಂದ ಹೊಸ ನಿಯಮ ನಿಯೋಪ್ರೀನ್ ಘಟಕದ ಬೇಲಿಗೆ 0.3 ಮೈಕ್ರೋಗ್ರಾಂ ಕ್ರಮದ ಮಟ್ಟ ಇಟ್ಟಿತು. 2025ರ ಮಾರ್ಚ್‌ನಲ್ಲಿ ಹೊಸ ಆಡಳಿತ ಮೊಕದ್ದಮೆ ಹಿಂತೆಗೆದುಕೊಂಡಿತು, ಮೇಯಲ್ಲಿ ಡೆಂಕಾ ತಾನೇ ಉತ್ಪಾದನೆ ನಿಲ್ಲಿಸುವುದಾಗಿ ಹೇಳಿತು. ಅಪಾಯದ ಅಂಕಿ ಮಾತ್ರ 2010ರದ್ದೇ.

ಹೊಸಬ್ಯಾಚ್

ಎಲ್ಲರಿಗೂ ನಮಸ್ಕಾರ, ಪೋಸ್ಟರ್ ಡಿಲೀಟ್ ಮಾಡಿಸಿದೆ. ಹಾಗಾದರೆ ಒಣ ಚಿಪ್ಸ್ ಕಲಸುವ ಶೆಡ್‌ನವರು ನೆಮ್ಮದಿಯಾಗಿ ಇರಬಹುದು ತಾನೆ?

ಎರಡುರೋಲ್

ಅಷ್ಟು ಬೇಗ ನೆಮ್ಮದಿ ಬೇಡ್ರೀ! ಕ್ಲೋರೊಪ್ರೀನ್ ಬಾಗಿಲಿಗೆ ಬೀಗ ಹಾಕಿ ಕಿಟಕಿ ತೆರೆದಿಟ್ಟಂಗಾಗ್ತದ. ನಿಯೋಪ್ರೀನ್ ಶೆಡ್ಡಿನಾಗ ಮೊದಲು ನೋಡಬೇಕಾದ ಚೀಲ ಇಟಿಯು, ಎಥಿಲೀನ್ ಥಯೋಯೂರಿಯಾ. ರಬ್ಬರ್ ಕ್ಯೂರ್ ಆಗಲಿಕ್ಕೆ, ಅಂದರ ಪ್ರೆಸ್ಸಿನ ಬಿಸಿಗೆ ಗಟ್ಟಿಯಾಗಲಿಕ್ಕೆ, ಹಾಕುವ ಬಿಳಿ ಪುಡಿ.

ಡಬ್ಲ್ಯೂ ಜಾತಿ ನಿಯೋಪ್ರೀನಿನ ಹಳೇ ರೆಸಿಪಿ ಎಲ್ಲರಿಗೂ ಬಾಯಿಪಾಠ: ರಬ್ಬರ್ 100, ಮೆಗ್ನೀಸಿಯಂ ಆಕ್ಸೈಡ್ 4, ಜಿಂಕ್ ಆಕ್ಸೈಡ್ 5, ಇಟಿಯು 0.5ರಿಂದ 1. ಇಲಿಗಳಲ್ಲಿ ಇದು ಹೊಟ್ಟೆಯೊಳಗಿನ ಮರಿಯ ಮಿದುಳು, ನರ ಕೆಡಿಸ್ತದ, ಥೈರಾಯ್ಡ್ ಕೆಡಿಸ್ತದ. ಯುರೋಪಿನವರು ಸಂತಾನಕ್ಕೆ ಅಪಾಯ ಅಂತ 2013ರಲ್ಲಿ ತೀವ್ರ ಕಳವಳದ ಪಟ್ಟಿಗೆ ಸೇರಿಸ್ಯಾರ. ನಿಯೋಶ್ ಇದಕ್ಕ ಅಂಕಿನೇ ಕೊಟ್ಟಿಲ್ಲ. ‘ಪುಡಿಯಾಗಿ ಬಳಸಬೇಡಿ, ಹುದುಗಿಸಿದ ರೂಪದಲ್ಲಿ ಬಳಸಿ’ ಅಂತಷ್ಟೇ ಬರೆದದ. ಅಂಕಿಗಿಂತ ಈ ಮಾತು ಮಿಲ್ ಮೇಲಿನವನಿಗೆ ಹೆಚ್ಚು ಉಪಯೋಗ.

ಪುಡಿಯ ಬದಲು ಪಾಲಿಮರ್‌ನಲ್ಲಿ ಹುದುಗಿಸಿದ 80 ಶೇಕಡದ ಹರಳು (ಮಾಸ್ಟರ್‌ಬ್ಯಾಚ್) ತರಿಸ್ರಿ. 50 ಕಿಲೋ ರಬ್ಬರ್‌ಗೆ 0.8 ಭಾಗ ಅಂದರ 400 ಗ್ರಾಂ ಪುಡಿ. ಹರಳಾದರ 500 ಗ್ರಾಂ. ಈ ತಿದ್ದುಪಡಿ ಮರೆತು 400 ಗ್ರಾಂ ಹರಳು ಹಾಕಿದವರು ‘ಮಾಸ್ಟರ್‌ಬ್ಯಾಚ್ ಚಲೋ ಇಲ್ಲ, ಕ್ಯೂರ್ ನಿಧಾನ’ ಅಂತ ಬೈದು ಮತ್ತ ಪುಡಿಗೆ ಹೋಗ್ತಾರ. ತೂಕವನ್ನು ಶೆಡ್ಡಿನ ನಡುವ ಅಲ್ಲ, ಪ್ರತ್ಯೇಕ ಕೋಣೆಯಾಗ ಕರಗುವ ಚೀಲದಾಗ ಹಾಕಿ, ಚೀಲ ಸಮೇತ ಬ್ಯಾಚಿಗೆ ಹಾಕ್ರಿ. ಚೀಲ ಕಡಿಮೆ ಬಿಸಿಗೆ ಕರಗುವ ಇವಿಎ ಪ್ಲಾಸ್ಟಿಕ್ಕಿಂದು ಇರಬೇಕು. ಸಾದಾ ಪಾಲಿಥಿನ್ ಹಾಕಿದರ ಕರಗದ ಚೂರು ಬೇರಿಂಗಿನ ನಡುವ ಬಿಳಿ ಎಳೆಯಾಗಿ ಸಿಗ್ತದ, ಇಡೀ ಲಾಟ್ ರಿಜೆಕ್ಟ್.

ಹಾಕುವ ಸರದಿ. ಮೆಗ್ನೀಸಿಯಂ ಆಕ್ಸೈಡ್, ಸ್ಟಿಯರಿಕ್ ಆಮ್ಲ, ಆಂಟಿಆಕ್ಸಿಡೆಂಟ್ ರಬ್ಬರ್ ಕೂಡನೇ ಮೊದಲು. ಆಮೇಲೆ ಕಾರ್ಬನ್, ಎಣ್ಣಿ. ನೀಡರ್ (ಕಲಸುವ ಯಂತ್ರ) 110 ಡಿಗ್ರಿ ದಾಟುವ ಮೊದಲ ಇಳಿಸ್ರಿ. ಜಿಂಕ್ ಆಕ್ಸೈಡೂ ಇಟಿಯುವೂ ಎರಡನೇ ಸುತ್ತಿನಾಗ, ತಣ್ಣಗಾದ ಮಿಲ್ ಮೇಲ. ಜಿಂಕ್ ಮೊದಲೇ ಬಿಸಿಯೊಳಗ ಹೋದರ ಸ್ಕಾರ್ಚ್, ಕಾಂಪೌಂಡ್ ರೋಲ್ ಮೇಲೇ ಗಟ್ಟಿ. ಮೆಗ್ನೀಸಿಯಾ ಚೀಲ ಬಾಯಿ ಬಿಟ್ಟು ಇಟ್ಟರ ತೇವ, ಇಂಗಾಲದ ಡೈಆಕ್ಸೈಡ್ ಹೀರಿ ಸತ್ತು ಹೋಗ್ತದ. ಅದು ಸತ್ತರ ಪ್ರೆಸ್‌ನಾಗ ಬಿಡುಗಡೆಯಾಗುವ ಹೈಡ್ರೋಕ್ಲೋರಿಕ್ ಆಮ್ಲ ಹಿಡಿಯೋರು ಯಾರೂ ಇರೂದಿಲ್ಲ. ಪ್ರೆಸ್ ತೆರೆದಾಗ ಮೂಗಿಗೆ ಚುಚ್ಚಿದರ, ಅಚ್ಚಿನ ಮೂಲೆಯಾಗ ಕಂದು ತುಕ್ಕು ಬಂದರ, ಮೊದಲು ಮೆಗ್ನೀಸಿಯಾ ಚೀಲ ನೋಡ್ರಿ.

ಬೆಲ್ಟ್, ಹೋಸ್ ಮಾಡುವವರು ಗಂಧಕ ಸೇರಿದ ಜಿ ಜಾತಿಗೆ ಹೋದರ ಇಟಿಯು ಬೇಕೇ ಆಗೂದಿಲ್ಲ, ಎರಡು ಆಕ್ಸೈಡಿಗೇ ಕ್ಯೂರ್ ಆಗ್ತದ. ಆದರ ಅದರ ಕಂಪ್ರೆಶನ್ ಸೆಟ್ (ಒತ್ತಿ ಬಿಟ್ಟ ಮೇಲೆ ಮೊದಲಿನಂಗ ಎದ್ದು ಬರುವ ಗುಣ) ಕಡಿಮೆ ದರ್ಜೆ, ಗೋಡೌನಿನಾಗ ಬಾಳಿಕೆನೂ ಕಡಿಮೆ. ಸೇತುವೆ ಬೇರಿಂಗಿಗೆ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡ ಐಆರ್‌ಸಿ 83 ಕ್ಲೋರೊಪ್ರೀನ್ ರಬ್ಬರನ್ನೇ ಕೇಳ್ತದ, ಸೆಟ್ ಪರೀಕ್ಷೆನೂ ಕೇಳ್ತದ. ಅಲ್ಲಿ ಜಿ ನಡೆಯೂದಿಲ್ಲ ಅಂತನ ತಿಳೀರಿ.

ಅಡ್ಡಪ್ರಶ್ನೆ

ಇಟಿಯು ಬೇಡ ಅಂದರೆ ಹಳೆಯ ಇನ್ನೊಂದು ಪದ್ಧತಿ ಇದೆಯಲ್ಲ: ಕ್ಯೂರ್ ಚುರುಕು ಮಾಡುವ ಟಿಎಂಟಿಎಂ 1, ಡಿಒಟಿಜಿ 1, ಗಂಧಕ ಅರ್ಧ. ಸ್ಕಾರ್ಚ್ ಸುರಕ್ಷತೆಯೂ ಚೆನ್ನಾಗಿದೆ.

ಡೋಸ್‌ಲೆಕ್ಕ

ಬೆಂಕಿಯಿಂದ ಬಾಣಲೆಗೆ! ಡಿಒಟಿಜಿ ಬಿಸಿಗೆ ಒಡೆದು ಆರ್ಥೊ ಟೊಲುಯಿಡಿನ್ ಬಿಡುತ್ತದೆ. ಅದು ಐಎಆರ್‌ಸಿಯ 1ನೇ ಗುಂಪು, ಮನುಷ್ಯರಲ್ಲಿ ಮೂತ್ರಕೋಶದ ಕ್ಯಾನ್ಸರ್ ತರುವುದು ಖಚಿತ. ಅದಕ್ಕೆ ಸಾಕ್ಷ್ಯ ಸಿಕ್ಕಿದ್ದೂ ನಯಾಗರಾ ಫಾಲ್ಸ್ ಊರಿನ ಒಂದು ರಬ್ಬರ್ ರಾಸಾಯನಿಕ ಕಾರ್ಖಾನೆಯ ಕಾರ್ಮಿಕರಲ್ಲೇ. ಟಿಎಂಟಿಎಂ ಡೈಮೀಥೈಲ್ ಅಮೀನ್ ಬಿಡುತ್ತದೆ, ಗಾಳಿಯ ನೈಟ್ರೋಜನ್ ಆಕ್ಸೈಡ್ ಜೊತೆ ಅದು ನೈಟ್ರೊಸಮೀನ್. ಶಂಕಿತನ ಬದಲು ಅಪರಾಧಿಯನ್ನು ಮನೆಗೆ ಕರೆದಂತೆ.

ಬದಲಿ ಬೇಕಿದ್ದರೆ ಎಂಟಿಟಿ, ಅಂದರೆ ಮೀಥೈಲ್ ಥಯಾಜೊಲಿಡಿನ್ ಥಯೋನ್ ನೋಡಿ. ಇಟಿಯು ತೂಕಕ್ಕೆ ತೂಕ ಹಾಕಿ ಕೈಸುಟ್ಟುಕೊಳ್ಳಬೇಡಿ. 0.4, 0.7, 1.0 ಮೂರು ಮಟ್ಟದಲ್ಲಿ ಸಣ್ಣ ಬ್ಯಾಚ್, 160 ಡಿಗ್ರಿಯಲ್ಲಿ 30 ನಿಮಿಷ ರಿಯೋಮೀಟರ್ (ಕ್ಯೂರ್ ಅಳೆಯುವ ಯಂತ್ರ), ಆಮೇಲೆ ಕಂಪ್ರೆಶನ್ ಸೆಟ್. ಕ್ಯೂರ್ ಗೆರೆ ಒಂದೇ ಥರ ಕಂಡರೂ ಸೆಟ್ ಬೇರೆ ಬರಬಹುದು.

ಇಟಿಯು ಕಥೆಯಲ್ಲಿ ಒಂದು ತಿರುವು ಇದೆ, ಅದು ಮೇಲಿನ ಜಗಳಕ್ಕೂ ಸಂಬಂಧ. ಐಎಆರ್‌ಸಿ ಮೊದಲು ಇದನ್ನೂ 2ಬಿಯಲ್ಲೇ ಇಟ್ಟಿತ್ತು. 2001ರಲ್ಲಿ 3ಕ್ಕೆ ಇಳಿಸಿತು. ಇಲಿಯಲ್ಲಿ ಥೈರಾಯ್ಡ್ ಗಡ್ಡೆ ಬರುವುದು ಹಾರ್ಮೋನು ಏರುಪೇರಿನಿಂದ, ಡಿಎನ್ಎ ಕೆಡುವುದರಿಂದ ಅಲ್ಲ. ಇಲಿಯ ಥೈರಾಯ್ಡ್ ಮನುಷ್ಯರದ್ದಕ್ಕಿಂತ ಬೇಗ ಕಂಗೆಡುತ್ತದೆ ಅನ್ನುವ ವಾದವನ್ನು ಒಪ್ಪಿದರು. ‘ಇಲಿ ಬೇರೆ, ಮನುಷ್ಯ ಬೇರೆ’ ಅನ್ನುವ ಅದೇ ವಾದ ಕ್ಲೋರೊಪ್ರೀನ್‌ಗೆ ನಡೆಯಲಿಲ್ಲ, ಯಾಕೆಂದರೆ ಅದರ ಎಪಾಕ್ಸೈಡ್ ನೇರ ಡಿಎನ್ಎಗೆ ಅಂಟುತ್ತದೆ. ಆದರೆ ಇಟಿಯುವಿಗೆ ಕ್ಯಾನ್ಸರ್ ದರ್ಜೆ ಇಳಿದದ್ದರಿಂದ ಗರ್ಭದ ಅಪಾಯ ಇಳಿಯಲಿಲ್ಲ. ಮಾರಾಟದವರು ‘ಗ್ರೂಪ್ 3 ಸರ್, ಏನೂ ಆಗಲ್ಲ’ ಅಂದಾಗ ಅವರು ಅರ್ಧ ಮಾತ್ರ ಓದಿದ್ದಾರೆ.

ಹಾಸನದ ಆಲೂಗಡ್ಡೆ ಅಂಗಮಾರಿಗೆ ಹೊಡೆಯುವ ಮ್ಯಾಂಕೊಜೆಬ್ ಒಡೆದರೂ ಬರುವುದು ಇದೇ ಇಟಿಯು. ಯುರೋಪ್ ಒಕ್ಕೂಟ 2020ರ ಕೊನೆಯಲ್ಲಿ ಮ್ಯಾಂಕೊಜೆಬ್ ಅನುಮತಿ ನವೀಕರಿಸಲಿಲ್ಲ.

ಹೊಸಬ್ಯಾಚ್

ಕೊನೆಯ ಪ್ರಶ್ನೆ. ಮಿಲ್ ಮೇಲೆ ಹುಡ್ ಇದೆ, ಆದರೂ ಪುಡಿ ಹಾಕಿದಾಗ ಮೋಡ ಎದ್ದು ಮುಖಕ್ಕೇ ಬರುತ್ತದೆ. ಮೋಟಾರ್ ದೊಡ್ಡದು ಹಾಕಬೇಕಾ?

ಗಾಳಿಬುಟ್ಟಿ

ಮೋಟಾರ್‌ಗೆ ಮುಂಚೆ ಪೆಡೆಸ್ಟಲ್ ಫ್ಯಾನ್ ಆರಿಸಿ. ಸೆಕೆಗೆ ಅಂತ ಮಿಲ್ ಬೆನ್ನಿಗೆ ಇಟ್ಟ ಒಂದು ಫ್ಯಾನ್ ಸಾಕು, ಹುಡ್ ಎಳೆತ ಪೂರ್ತಿ ಹಾಳು. ಆಮೇಲೆ ಹುಡ್ ಎಲ್ಲಿದೆ ನೋಡಿ. ಮೇಲೆ ಚಾವಣಿ ಹಾಗೆ ತೂಗುಹಾಕಿದ್ದರೆ ಪುಡಿ ಹುಡ್‌ಗೆ ಹೋಗುವ ದಾರಿಯಲ್ಲಿ ಆಪರೇಟರ್ ಮೂಗು ದಾಟಿಯೇ ಹೋಗುತ್ತದೆ. ಎರಡು ರೋಲ್ ಕೂಡುವ ಸಂದಿಯ ಹಿಂಬದಿಯಿಂದ ಎಳೆಯಬೇಕು, ಎರಡೂ ಪಕ್ಕಕ್ಕೆ ತಗಡಿನ ಮರೆ ಕಟ್ಟಬೇಕು. ಸಂದಿಯ ಹತ್ತಿರ ಗಾಳಿಯ ವೇಗ ಸೆಕೆಂಡಿಗೆ 0.5ರಿಂದ 1 ಮೀಟರ್ ಸಿಗಲಿ. ಅನಿಮೋಮೀಟರ್ ಇಲ್ಲದಿದ್ದರೆ ಊದುಬತ್ತಿ ಹಿಡಿಯಿರಿ: ಹೊಗೆ ಮೇಲಕ್ಕೆ ಎದ್ದರೆ ಎಳೆತ ಇಲ್ಲ, ಅಡ್ಡ ಮಲಗಿ ಸಂದಿಯ ಹಿಂದಕ್ಕೆ ಹರಿದರೆ ಇದೆ.

ಮಾಪನ ಬೇಕಿದ್ದರೆ ಇಟಿಯುವಿಗೆ ಉಸಿರಾಡುವ ಎತ್ತರದಲ್ಲಿ ಅಂಗಿಗೆ ಸಿಕ್ಕಿಸಿದ ಫಿಲ್ಟರ್, ನಿಯೋಶ್ 5011 ವಿಧಾನ. ಕ್ಲೋರೊಪ್ರೀನ್‌ಗೆ ಇದ್ದಿಲು ಕೊಳವೆ, 1002. ಆದರೆ ಇದ್ದಿಲು ಕೊಳವೆ ಪಿಪಿಎಂ ಮಟ್ಟಕ್ಕೆ ಮಾಡಿದ್ದು, ಅದರಲ್ಲಿ ‘ಪತ್ತೆಯಾಗಿಲ್ಲ’ ಅಂತ ಬಂದ ವರದಿಯನ್ನು 0.2 ಮೈಕ್ರೋಗ್ರಾಂ ಪಕ್ಕದಲ್ಲಿ ಇಡಬೇಡಿ.

ಎರಡುರೋಲ್

ಒಂದು ಬಿಟ್ಟೆ. ಕಸಬರಿಗೆ. ಇಟಿಯು ತೂಗುವ ಕೋಣೆಯಾಗ ಒಣ ಕಸ ಹೊಡೀಬ್ಯಾಡ್ರಿ, ಒದ್ದಿ ಬಟ್ಟೆಯಿಂದ ಒರಸ್ರಿ. ಕಟಿಂಗ್ ವೇಸ್ಟನ್ನ ಇಟ್ಟಂಗಿ ಭಟ್ಟಿಗೆ ಕೊಡೋರು ಇದ್ದರ ನಿಲ್ಲಿಸ್ರಿ, ನಿಯೋಪ್ರೀನ್ ಸುಟ್ಟರ ಆಮ್ಲದ ಹೊಗಿ.